ರೆಪೊದಲ್ಲಿ ಇದೆ, ಆದರೆ ನಿಮ್ಮ ಸರ್ವರ್‌ಗಲ್ಲ

"ಸರ್, ಪ್ಯಾಕೇಜ್ ರೆಪೊದಲ್ಲಿ ಕಾಣಿಸ್ತಿದೆ, ಆದ್ರೆ ಇನ್‌ಸ್ಟಾಲ್ ಆಗ್ತಿಲ್ಲ." ಹಳೇ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಈ ಮಾತು ಹೊಸದೇನಲ್ಲ. (ರೆಪೊ ಅಂದರೆ ಸಾಫ್ಟ್‌ವೇರ್ ಪ್ಯಾಕೇಜ್‌ಗಳ ಆನ್‌ಲೈನ್ ಭಂಡಾರ.) ನಮ್ಮಲ್ಲಿ ಸೆಂಟ್‌ಓಎಸ್ 7 ಎಂಬ ಹಳೇ ಲಿನಕ್ಸ್ ಇನ್ನೂ ಓಡುತ್ತಿದೆ. 2024ರ ಜೂನ್ 30ಕ್ಕೆ ಅದರ ಆಯಸ್ಸು ಮುಗಿಯಿತು, ಮಿರರ್ (ಪ್ಯಾಕೇಜ್‌ಗಳ ಪ್ರತಿ ಇಟ್ಟ ಸರ್ವರ್) ಪಟ್ಟಿ ಕೊಡುತ್ತಿದ್ದ ವಿಳಾಸವೂ ನಿಂತುಹೋಯಿತು. ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಬೇಡಿ. ಅದರ ಮೇಲೆ ಓಡುವ ಹಳೇ ಅಪ್ಲಿಕೇಶನ್ ಮಾರಿದವರು ಬೇರೆ ಯಾವುದಕ್ಕೂ ಜವಾಬ್ದಾರಿ ಹೊರಲು ಒಪ್ಪುವುದಿಲ್ಲ, ಅಷ್ಟೆ.

ಅಂಥ ಒಂದು ಸರ್ವರ್‌ಗೆ ಡೆವಲಪರ್‌ಗಳು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 18 ಕೇಳಿದರು. ಹೊರಗಿನ ಒಂದು ರೆಪೊ ಸೇರಿಸಿದ್ದಾಯಿತು, ಪ್ಯಾಕೇಜ್ ಹಾಕುವ ಸಾಧನವಾದ ಯಮ್ ಅದನ್ನು ಹುಡುಕಿಯೂ ಕೊಟ್ಟಿತು, ಕೊನೆಗೆ ತಕರಾರು ತೆಗೆಯಿತು: ಗ್ಲಿಬ್‌ಸಿ 2.28 ಬೇಕು, ಇಲ್ಲಿರುವುದು 2.17. ಡಿಸ್ಟ್ರೊಗೊಂದು (ಲಿನಕ್ಸ್‌ನ ಒಂದೊಂದು ಬಗೆಗೊಂದು) ಬೇರೆ ಫೋಲ್ಡರ್ ಇಡುವ ಬದಲು ಎಲ್ಲರಿಗೂ ಒಂದೇ ಆರ್‌ಪಿಎಂ (ಪ್ಯಾಕೇಜ್ ಫೈಲ್) ಇಟ್ಟ ರೆಪೊ ಅದು. ಯಮ್ ನೋಡುವುದು ಹೆಸರು, ಆವೃತ್ತಿ, ಆರ್ಕಿಟೆಕ್ಚರ್ (ಪ್ರೊಸೆಸರ್ ಬಗೆ). ನೋಡ್ 18 ಸಿಕ್ಕಿತು, ಆರ್ಕಿಟೆಕ್ಚರ್ ಹೊಂದಿತು, ಆಯ್ಕೆ ಮಾಡಿತು. ಬೇರೆ ತಲೆಮಾರಿನ ಯಂತ್ರಕ್ಕೆಂದು ಕಟ್ಟಿದ್ದು ಅದು ಎಂಬುದು ಅವಲಂಬನೆಗಳ ಲೆಕ್ಕ ಹಾಕುವಾಗಲೇ ಗೊತ್ತಾಗುವುದು.

ಈ ಗ್ಲಿಬ್‌ಸಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ನಿಂತಿರುವುದು ಈ ಸಿ ಲೈಬ್ರರಿಯ ಮೇಲೆ. ಅದರ ಒಂದೊಂದು ಫಂಕ್ಷನ್‌ಗೂ ಆವೃತ್ತಿಯ ಮುದ್ರೆ ಇರುತ್ತದೆ. ಹೊಸ ಯಂತ್ರದಲ್ಲಿ ಕಂಪೈಲ್ ಮಾಡಿದರೆ ಹೊಸ ಮುದ್ರೆಯ ಫಂಕ್ಷನ್‌ಗಳೇ ಬೈನರಿಗೆ ಅಂಟಿಕೊಳ್ಳುತ್ತವೆ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆಂಬ ಭರವಸೆ ಇಲ್ಲ. 2.17 ಬಂದದ್ದು 2012ರ ಕೊನೆಗೆ, 2.28 ಬಂದದ್ದು 2018ರಲ್ಲಿ. ಸೆಂಟ್‌ಓಎಸ್ 7 ಬದುಕಿದ್ದಷ್ಟು ಕಾಲವೂ ಭದ್ರತಾ ತಿದ್ದುಪಡಿಗಳನ್ನು ಆ 2.17ಕ್ಕೇ ಹಚ್ಚುತ್ತಾ ಬಂದರು, ಅಡಿಯ ಆವೃತ್ತಿಯನ್ನು ಮುಟ್ಟಲಿಲ್ಲ. ಹಾಗಾಗಿ "ಕೊನೆಯ ಅಪ್‌ಡೇಟ್‌ವರೆಗೂ ಹಾಕಿದ್ದೇವೆ" ಎಂಬ ಉತ್ತರದಿಂದ ಇಲ್ಲಿ ಪ್ರಯೋಜನವಿಲ್ಲ.

ಇಷ್ಟಾದ ಮೇಲೆ ಯಮ್ ತಾನೇ ಒಂದು ಸಲಹೆ ಕೊಡುತ್ತದೆ: ಸ್ಕಿಪ್-ಬ್ರೋಕನ್ ಹಾಕಿ ನೋಡಿ. ಹಾಕಿದರೆ ತೊಡಕಿನ ಪ್ಯಾಕೇಜನ್ನೇ ಬಿಟ್ಟುಬಿಡುತ್ತದೆ, ಅಂದರೆ ನಮಗೆ ಬೇಕಾದದ್ದನ್ನೇ! ಅವಲಂಬನೆ ನೋಡಬೇಡ ಎನ್ನುವ ಆರ್‌ಪಿಎಂನ ನೋಡೆಪ್ಸ್ ಆಯ್ಕೆ ಹಾಕಿದರೆ ಪ್ಯಾಕೇಜ್ ಕೂರುತ್ತದೆ, ನೋಡ್ ಎಂದು ಟೈಪ್ ಮಾಡಿದ ತಕ್ಷಣ ಅದೇ ತಕರಾರು ಪ್ರೋಗ್ರಾಂ ಶುರು ಮಾಡುವ ಲೋಡರ್‌ನಿಂದ ಬರುತ್ತದೆ. ಇನ್ನೂ ಕೆಲವರು ಗ್ಲಿಬ್‌ಸಿಯನ್ನೇ ಬದಲಿಸಲು ಹೊರಡುತ್ತಾರೆ. ಅದು ಸಂಸಾರ ಇರುವ ಮನೆಯ ಪಾಯ ಅಗೆದ ಹಾಗೆ. ಎಲ್‌ಎಸ್, ಬ್ಯಾಷ್, ಎಸ್‌ಎಸ್‌ಎಚ್, ಕೊನೆಗೆ ಆರ್‌ಪಿಎಂ ಕೂಡ ಅದರ ಮೇಲೇ ನಿಂತಿದೆ. ಕೈತಪ್ಪಿದರೆ ಸರಿಪಡಿಸಲು ಲಾಗಿನ್ ಆಗುವ ದಾರಿಯೂ ಉಳಿಯುವುದಿಲ್ಲ. ನಮ್ಮ ಟೀಮಿನಲ್ಲಿ ಇದಕ್ಕೆ ಅನುಮತಿಯೇ ಇಲ್ಲ.

ಗ್ಲಿಬ್‌ಸಿ ಒಂದೇ ಆಗಿದ್ದರೆ ನೆನಪಿಟ್ಟುಕೊಳ್ಳುವುದು ಸುಲಭವಿತ್ತು. ಪೈಥಾನ್ 3.10ರಿಂದ ಮುಂದಕ್ಕೆ ಗೂಢಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.1.1 ಬೇಕು, ಸೆಂಟ್‌ಓಎಸ್ 7ರಲ್ಲಿರುವುದು 1.0.2. ಇದಕ್ಕಾದರೂ ಎಪೆಲ್ ಎಂಬ ಹೆಚ್ಚುವರಿ ರೆಪೊದ ಹಳೇ ಸಂಗ್ರಹದಲ್ಲಿ ಪಕ್ಕದಲ್ಲೇ ಕೂರುವ ಬೇರೆ ಪ್ಯಾಕೇಜ್ ಉಂಟು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನ 31ನೇ ಆವೃತ್ತಿಯಿಂದ ಆರ್‌ಪಿಎಂಗಳ ಒಳಗಿನ ಕಂಪ್ರೆಷನ್ ಝೆಡ್‌ಸ್ಟ್ಯಾಂಡರ್ಡ್‌ಗೆ ಬದಲಾಯಿತು. ಸೆಂಟ್‌ಓಎಸ್ 7ರ ಹಳೇ ಆರ್‌ಪಿಎಂ ಸಾಧನ 4.11ಕ್ಕೆ ಆ ಫೈಲನ್ನು ಬಿಚ್ಚುವುದೇ ಬರುವುದಿಲ್ಲ. ಒಳಗಿನ ಸ್ಕ್ರಿಪ್ಟ್ ಯಾವ ಆವೃತ್ತಿಯಲ್ಲೂ ಓಡುವಂಥದ್ದಾದರೂ ಹೊರಗಿನ ಪೊಟ್ಟಣವೇ ತೆರೆಯದು. ಉಬುಂಟು 21.10ರ ನಂತರದ ಡೆಬ್ (ಅಲ್ಲಿನ ಪ್ಯಾಕೇಜ್) ಫೈಲನ್ನು ಡೆಬಿಯನ್ 11ರಲ್ಲಿ ಹಾಕಲು ಹೋದವರಿಗೂ ಇದೇ ಅನುಭವ.

ಹಾಗಾದರೆ ಪ್ರೋಗ್ರಾಂ ಅನ್ನು ಲೈಬ್ರರಿಗಳ ಸಮೇತ ಕಂಟೇನರ್ ಎಂಬ ಡಬ್ಬಿಯಲ್ಲಿ ಓಡಿಸುವ ಡಾಕರ್? ಹೌದು, ಹೆಚ್ಚಿನ ಸಲ ನಾನೂ ಅದನ್ನೇ ಹೇಳುತ್ತೇನೆ, ಗ್ಲಿಬ್‌ಸಿ ಕಂಟೇನರ್ ಜೊತೆಗೇ ಬರುತ್ತದಲ್ಲ. ಆದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಜೊತೆಗೆ ಬರುವುದಿಲ್ಲ. ಹೊರಗಿನ ಕರ್ನಲ್ ಇನ್ನೂ 3.10. ಗ್ಲಿಬ್‌ಸಿ 2.34 ಥ್ರೆಡ್ ಶುರು ಮಾಡಲು ಕ್ಲೋನ್3 ಎಂಬ ಹೊಸ ಸಿಸ್ಟಂ ಕಾಲ್ (ಕರ್ನಲ್‌ಗೆ ಮಾಡುವ ಕೋರಿಕೆ) ಬಳಸಿ ನೋಡುತ್ತದೆ. "ಅದು ನನ್ನಲ್ಲಿಲ್ಲ" ಎಂಬ ಉತ್ತರ ಬಂದರೆ ಹಳೇ ದಾರಿ ಹಿಡಿಯುತ್ತದೆ. ಡಾಕರ್ 20.10.10ಕ್ಕಿಂತ ಹಳೆಯದಾದರೆ ಅಂಥ ಕೋರಿಕೆಗಳನ್ನು ಸೋಸುವ ಅದರ ಸೆಕ್‌ಕಾಂಪ್ ಜರಡಿ "ನಿನಗೆ ಅನುಮತಿ ಇಲ್ಲ" ಎನ್ನುತ್ತದೆ, ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಈ ತಪ್ಪು ಸಂದೇಶ ಓದಿಕೊಂಡು ಫೈಲ್ ಪರ್ಮಿಷನ್ ಹುಡುಕುತ್ತಾ ಕೂತವರನ್ನು ನೋಡಿದ್ದೇನೆ. ಅದಕ್ಕೇ ಹಳೇ ಯಂತ್ರದಲ್ಲಿ ಇಮೇಜ್ ಎಳೆಯುವ ಮೊದಲು ಡಾಕರ್ ಆವೃತ್ತಿ ನೋಡಬೇಕು.

ನೋಡ್ 18ಕ್ಕೆ ನಾವು ಕಂಡುಕೊಂಡದ್ದು ಬೇರೆ ದಾರಿ: ನೋಡ್ ಯೋಜನೆಯ ಅನಧಿಕೃತ ಬಿಲ್ಡ್‌ಗಳಲ್ಲಿ ಗ್ಲಿಬ್‌ಸಿ 2.17ಕ್ಕೆಂದೇ ಕಟ್ಟಿದ್ದು ಸಿಗುತ್ತದೆ. ಅದನ್ನು ಆಪ್ಟ್ ಡೈರೆಕ್ಟರಿಯಲ್ಲಿ ಬಿಚ್ಚಿಟ್ಟೆವು, ಸಿಸ್ಟಂನ ಯಾವ ಪ್ಯಾಕೇಜನ್ನೂ ಮುಟ್ಟಲಿಲ್ಲ. ಅನಧಿಕೃತ ಎಂಬ ಪದ ನೋಡಿ ಸೆಕ್ಯುರಿಟಿಯವರು ಹುಬ್ಬೇರಿಸಿದ್ದು ಸಹಜ. ಫೈಲ್ ಬದಲಾಗಿಲ್ಲ ಎಂದು ಖಚಿತಪಡಿಸುವ ಚೆಕ್‌ಸಮ್ ತೋರಿಸಿ ಸಮಾಧಾನ ಮಾಡಬೇಕಾಯಿತು.

ಸೆಂಟ್‌ಓಎಸ್‌ನ ಸ್ವಂತ ಪ್ಯಾಕೇಜ್‌ಗಳಿಗೆ ರೆಪೊ ಫೈಲುಗಳನ್ನೆಲ್ಲ ವಾಲ್ಟ್ ವಿಳಾಸಕ್ಕೆ ತಿರುಗಿಸಿದ್ದೇವೆ. ವಾಲ್ಟ್ ಅಂದರೆ ಕಡತಕೋಣೆ, ಅಲ್ಲಿಗೆ ಹೊಸ ತಿದ್ದುಪಡಿ ಬರುವುದಿಲ್ಲ. ಯಮ್ ಮತ್ತೆ ಕೆಲಸ ಮಾಡಿತು ಎಂದಾಕ್ಷಣ ಸರ್ವರ್ ಸುರಕ್ಷಿತ ಎಂದುಕೊಳ್ಳುವ ಮ್ಯಾನೇಜರ್‌ಗಳಿಗೆ ಇದನ್ನು ಲಿಖಿತವಾಗಿ ಕೊಡುವುದು ಒಳ್ಳೆಯದು. ಹೊರಗಿನ ರೆಪೊ ಸೇರಿಸಲೇಬೇಕಾದರೆ includepkgs ಸಾಲಿನಲ್ಲಿ ಬೇಕಾದ ಹೆಸರನ್ನಷ್ಟೇ ಬರೆಯುತ್ತೇವೆ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಕೇಳದ ಲೈಬ್ರರಿಗಳೂ ಒಳಗೆ ನುಗ್ಗುತ್ತವೆ. ಅವಲಂಬನೆಗಳ ಪಟ್ಟಿ ಕೊಡುವ ಯಮ್ ಡೆಪ್‌ಲಿಸ್ಟ್ ಓಡಿಸಿ, ಗ್ಲಿಬ್‌ಸಿ ಸಾಲು ಯಾವ ಅಂಕಿ ಕೇಳುತ್ತಿದೆ ಎಂದು ಟಿಕೆಟ್‌ನಲ್ಲಿ ಬರೆದ ಮೇಲೆಯೇ ಒಪ್ಪಿಗೆ.

ಈಗ ಚರ್ಚೆ ನಡೆದಿರುವುದು ವಲಸೆಯ ಬಗ್ಗೆ. ಎಲಿವೇಟ್ ಎಂಬ ಸಾಧನ ಬಳಸಿ ಇದ್ದಲ್ಲೇ ಸೆಂಟ್‌ಓಎಸ್‌ಗೆ ಬದಲಿಯಾದ ಆಲ್ಮಾಲಿನಕ್ಸ್ 8ಕ್ಕೆ ಏರಿಸೋಣ ಎನ್ನುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. 8ರಲ್ಲಿರುವ ಗ್ಲಿಬ್‌ಸಿ 2.28, ನೋಡ್ 18 ಕೇಳುವ ಕನಿಷ್ಠವೂ ಅದೇ. ಕಷ್ಟಪಟ್ಟು ಏರಿ ಮತ್ತೆ ಅಂಚಿನಲ್ಲೇ ನಿಲ್ಲುವ ಬದಲು 2.34 ಇರುವ 9ನ್ನು ಹೊಸ ಯಂತ್ರದಲ್ಲಿ ಹಾಕಿ, ಹಳೇ ಅಪ್ಲಿಕೇಶನ್ನನ್ನು ಅಲ್ಲಿ ಓಡಿಸಿ ನೋಡೋಣ ಎಂದಿದ್ದೇನೆ. ಮಾರಿದವರ ಒಪ್ಪಿಗೆ ಇನ್ನೂ ಬರಬೇಕು.