ಶಮೋನಿ ಕಣಿವೆಯಲ್ಲಿ ಒಂದು ಸ್ಕೀ ಋತು

ಫ್ರಾನ್ಸಿನ ಶಮೋನಿಗೆ ವಾರದ ರಜೆಯಲ್ಲಿ ಬಂದವರ ದೂರು ಸಾಮಾನ್ಯವಾಗಿ ಒಂದೇ: ಸ್ಕೀ ಇಳಿಜಾರುಗಳೆಲ್ಲ ಚದುರಿಹೋಗಿವೆ. ಕಣಿವೆಯ ಕೆಳತುದಿಯಲ್ಲಿ ಲೆ ಊಶ್, ನಡುವೆ 1,035 ಮೀಟರ್ ಎತ್ತರದ ಪಟ್ಟಣ, ಅದರ ತಲೆಯ ಮೇಲೆ ಬ್ರೆವಾಂ–ಫ್ಲೆಜೇರ್, ಆಚೆ ಆರ್ಜಂತಿಯೇರ್‌ನ ಗ್ರಾಂಡ್ ಮೊಂಟೆ, ಮೇಲ್ತುದಿಯಲ್ಲಿ ಸ್ವಿಸ್ ಗಡಿಗೆ ಒರಗಿದ ಲೆ ತೂರ್. ಒಂದರಿಂದ ಇನ್ನೊಂದಕ್ಕೆ ಬಸ್ಸು, ಇಲ್ಲವೇ ರೈಲು. ಆದರೆ ಕೆಲಸಕ್ಕೆ ರಜೆ ಹಾಕಿ ಇಡೀ ಋತು ಸ್ಕೀ ತಿದ್ದಿಕೊಳ್ಳಲು ಬಂದವರಿಗೆ ಈ ಚದುರುವಿಕೆಯೇ ಅನುಕೂಲ. ಗಾಳಿ, ಮಂಜು, ಬಿಸಿಲು ಯಾವುದೇ ಇರಲಿ, ಆ ದಿನಕ್ಕೆ ಒಗ್ಗುವ ಇಳಿಜಾರು ಎಲ್ಲೋ ಒಂದು ಕಡೆ ಸಿಗುತ್ತದೆ.

ಫ್ರಾನ್ಸೂ ಸೇರಿರುವ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ) ನಿಯಮದಂತೆ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಉಳಿಯಬಹುದು. ಅದಕ್ಕಿಂತ ಹೆಚ್ಚಿಗೆ ದೀರ್ಘಾವಧಿ ವೀಸಾ ಬೇಕು. 90 ದಿನವೇ ಇದ್ದರೆ ಡಿಸೆಂಬರ್‌ನಲ್ಲಿ ಶುರುಮಾಡಬೇಡಿ. ಆಗ ಕೆಳಗಿನ ಇಳಿಜಾರುಗಳಲ್ಲಿ ಹಿಮ ತೆಳು, ಕಲ್ಲು ಜಾಸ್ತಿ, ಕ್ರಿಸ್ಮಸ್ ಜನಜಂಗುಳಿ ಬೇರೆ. ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ ಅವಧಿ ಲೇಸು. ಫೆಬ್ರವರಿಯಲ್ಲಿ ಫ್ರೆಂಚ್ ಶಾಲೆಗಳಿಗೆ ಮೂರು ವಲಯಗಳಲ್ಲಿ ಸರದಿಯಂತೆ ಎರಡೆರಡು ವಾರ ರಜೆ ಇರುತ್ತದೆ. ಆ ದಿನಗಳಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟು ತೆರೆಯುವ ಹೊತ್ತಿಗೇ ಹತ್ತಿ, ಮಧ್ಯಾಹ್ನಕ್ಕೆ ಮುಗಿಸಿಬಿಡಬೇಕು.

ಮೊದಲ ವಾರ ಬೂಟಿಗೆ ಮೀಸಲು. ಸ್ಕೀ ಬಾಡಿಗೆಗೆ ಪಡೆದರೂ ನಡೆಯುತ್ತದೆ, ಬೂಟು ಮಾತ್ರ ಸ್ವಂತದ್ದೇ ಇರಲಿ. ಲೈನರ್ (ಬೂಟಿನ ಮೆತ್ತನೆಯ ಒಳಪದರ) ಹೊರತೆಗೆದು ಬರಿಯ ಗಟ್ಟಿ ಚಿಪ್ಪಿನೊಳಗೆ ಪಾದವಿಟ್ಟು, ಬೆರಳುಗಳು ಮುಂದೆ ತಾಗುವಂತೆ ನಿಂತಾಗ, ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಉಳಿಯಬೇಕು. ಅದಕ್ಕಿಂತ ಸಡಿಲವಾದದ್ದು ಅಂಗಡಿಯಲ್ಲಿ ಹಾಯೆನಿಸುತ್ತದೆ. ಆದರೆ ಕೆಲವು ವಾರ ತೊಟ್ಟ ಮೇಲೆ ಲೈನರ್ ಒತ್ತಿಕೊಂಡು ತೆಳ್ಳಗಾಗುತ್ತದೆ, ಹಿಮ್ಮಡಿ ಏಳತೊಡಗುತ್ತದೆ. ಅದನ್ನು ತಡೆಯಲು ಬಕಲ್ ಬಿಗಿದರೆ ರಕ್ತ ಓಡದೆ ಪಾದ ಮರಗಟ್ಟುತ್ತದೆ. ಕಾಲಿಗೆ ಒಂದೇ ಒಂದು ತೆಳು ಕಾಲುಚೀಲ. ಎರಡು ಹಾಕಿದರೆ ಚಳಿ ಹೆಚ್ಚೇ ಆಗುತ್ತದೆ. ಬೂಟು ಬದಲಾದಾಗ, ಅದನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನೂ ಮತ್ತೆ ಹೊಂದಿಸಬೇಕು. ಬೀಳುವಾಗ ಬೂಟು ಕಳಚುವ ಬಲವನ್ನು ತೂಕ, ಎತ್ತರ, ವಯಸ್ಸು, ಸ್ಕೀ ಮಾಡುವ ರೀತಿಗಳ ಜೊತೆಗೆ ಅಟ್ಟೆಯ ಉದ್ದವನ್ನೂ ನೋಡಿ ನಿಗದಿಮಾಡುತ್ತಾರೆ.

ಇನ್ನು ಕಲಿಕೆ. ದಿನವಿಡೀ ಇಳಿಯುತ್ತಿದ್ದರೆ ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆಯಿಂದಲೇ ಬಹಳಷ್ಟು ಋತುಗಳು ವ್ಯರ್ಥವಾಗುತ್ತವೆ. ತಪ್ಪನ್ನೇ ಸಾವಿರ ಸಲ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. ಮಧ್ಯಮ ಮಟ್ಟದಲ್ಲಿ ಸಿಕ್ಕಿಹಾಕಿಕೊಂಡವರ ದೋಷ ಹೆಚ್ಚುಕಮ್ಮಿ ಒಂದೇ ಸರಪಳಿ: ಇಳಿಜಾರು ಕಡಿದಾದೊಡನೆ ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ, ಮೊಣಕಾಲ ಕೆಳಗಿನ ಎಲುಬು ಬೂಟಿನ ನಾಲಗೆಯಿಂದ ದೂರ ಸರಿಯುತ್ತದೆ, ಸ್ಕೀಯ ಮುಂತುದಿಗೆ ಭಾರ ಸಿಗುವುದಿಲ್ಲ. ತಿರುವು ಶುರುವಾಗದ್ದರಿಂದ ಹೆಗಲು ಬೀಸಿ ತಿರುಗಿಸುತ್ತಾರೆ, ಹಿಂತುದಿ ಜಾರಿ ಹೋಗುತ್ತದೆ. ಇದನ್ನು ಕಡಿದಾದ ಜಾಗದಲ್ಲಿ ತಿದ್ದಲಾಗದು. ಲೆ ತೂರ್‌ನ ಮೇಲಿನ ಬಾಲ್ಮ್ ಬಯಲಿನ ಅಗಲವಾದ ಹಸಿರು, ನೀಲಿ ಪಿಸ್ಟ್‌ಗಳು (ಗುರುತುಹಾಕಿದ ಸ್ಕೀ ಹಾದಿಗಳು) ಇರುವುದೇ ಇದಕ್ಕೆ. ಫ್ರಾನ್ಸಿನಲ್ಲಿ ಹಸಿರು ಅತಿ ಸುಲಭ. ನಂತರ ನೀಲಿ, ಕೆಂಪು, ಕಪ್ಪು.

ಅಲ್ಲಿ ಬೆಳಿಗ್ಗೆ ಮುಕ್ಕಾಲು ಗಂಟೆ ಸಾಧನೆ ಮಾಡಿದರೆ ಸಾಕು. ಮೊದಲು ಅಡ್ಡಜಾರು: ಸ್ಕೀಗಳನ್ನು ಇಳಿಜಾರಿಗೆ ಅಡ್ಡ ನಿಲ್ಲಿಸಿ, ಎಡ್ಜ್ (ಸ್ಕೀಯ ಉಕ್ಕಿನ ಅಂಚು) ಸಡಿಲಿಸಿ, ನೇರ ಕೆಳಕ್ಕೆ ಜಾರಬೇಕು. ಓರೆಯಾಗಿ ಹಿಂದಕ್ಕೆ ಸರಿದರೆ ಭಾರ ಹಿಂದಿದೆ, ಓರೆಯಾಗಿ ಮುಂದಕ್ಕೆ ಸರಿದರೆ ಮುಂದಿದೆ. ಆಮೇಲೆ ಒಳಗಾಲು ಎತ್ತುವ ತಿರುವು. ತಿರುವಿನುದ್ದಕ್ಕೂ ಒಳಗಿನ ಸ್ಕೀಯ ಹಿಂತುದಿ ಎತ್ತಿರಬೇಕು, ಮುಂತುದಿ ಹಿಮಕ್ಕೆ ತಾಗಿರಬೇಕು. ಮುಂತುದಿಯೇ ಮೇಲೆದ್ದರೆ ಮತ್ತೆ ಹಿಂದಕ್ಕೆ ವಾಲಿದ್ದೀರಿ ಎಂದೇ ಅರ್ಥ. ಈ ಸಾಧನೆಯ ಎದುರು ಸುಳ್ಳು ನಡೆಯುವುದಿಲ್ಲ, ಅದಕ್ಕೇ ಜನ ಇದನ್ನು ತಪ್ಪಿಸಿಕೊಳ್ಳುತ್ತಾರೆ. ಮೂರನೆಯದಾಗಿ, ಹಿಮ ಸಮಮಾಡುವ ಯಂತ್ರ ಒಮ್ಮೆ ಹಾದ ಪಟ್ಟಿಯ ಅಗಲದೊಳಗೇ ಸಣ್ಣ ತಿರುವುಗಳು. ಪಟ್ಟಿ ದಾಟಿದರೆ ನಿಂತು ಮತ್ತೆ ಶುರು.

ಪಾಠಗಳನ್ನು ಮೊದಲ ವಾರದಲ್ಲೇ ಮುಗಿಸಿಬಿಡುವುದು ದಂಡ. ಹತ್ತು ದಿನಕ್ಕೊಮ್ಮೆ ಎರಡು ಗಂಟೆ ತೆಗೆದುಕೊಂಡು, ಪ್ರತಿಸಲ ಒಂದೇ ದೋಷ ಹಿಡಿದು ಬನ್ನಿ. ಫ್ರಾನ್ಸಿನ ಸ್ಕೀ ಶಿಕ್ಷಕರನ್ನೂ ಪರ್ವತ ಗೈಡ್‌ಗಳನ್ನೂ ತರಬೇತುಗೊಳಿಸುವ ರಾಷ್ಟ್ರೀಯ ಶಾಲೆ ಇರುವುದೇ ಶಮೋನಿಯಲ್ಲಿ. ಒಳ್ಳೆಯ ಶಿಕ್ಷಕರಿಗೆ ಇಲ್ಲಿ ಬರವಿಲ್ಲ. ನಡುವಿನ ದಿನಗಳಲ್ಲಿ ಫೋನಿನಲ್ಲಿ ವಿಡಿಯೊ ತೆಗೆಸಿಕೊಳ್ಳಿ, ಪಕ್ಕದಿಂದ. ಎದುರಿನಿಂದ ತೆಗೆದರೆ ಹಿಂದೆ ವಾಲಿದ್ದು ಕಾಣುವುದೇ ಇಲ್ಲ.

ಮಂಜು ಮುಸುಕಿ ನೆಲದ ಉಬ್ಬುತಗ್ಗು ತಿಳಿಯದ ದಿನ ಲೆ ಊಶ್‌ಗೆ ಹೋಗಬೇಕು. ಅಲ್ಲಿನ ಪಿಸ್ಟ್‌ಗಳು ಮರಗಳ ನಡುವೆ ಇಳಿಯುವುದರಿಂದ ಕಣ್ಣಿಗೆ ಅಳತೆ ಸಿಗುತ್ತದೆ. ಲಿಫ್ಟಿನ ಪಾಸ್ ಕೊಳ್ಳುವಾಗ ಲೆ ಊಶ್ ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ, ಎಲ್ಲ ಪಾಸ್‌ಗಳಲ್ಲೂ ಇರುವುದಿಲ್ಲ. ಮಾರ್ಚ್‌ನಲ್ಲಿ ಬ್ರೆವಾಂ–ಫ್ಲೆಜೇರ್‌ನ ತೆಂಕಣ ಮುಖ ರಾತ್ರಿ ಕಲ್ಲಾಗಿ, ಬೆಳಿಗ್ಗೆ ತಡವಾಗಿ ಮೆತ್ತಗಾಗಿ, ಮಧ್ಯಾಹ್ನಕ್ಕೆ ಅಂಬಲಿಯಾಗುತ್ತದೆ. ಆ ಕಿರು ಅವಧಿ ತಪ್ಪಿದರೆ ಮೊಣಕಾಲಿಗೆ ಅಪಾಯ. ಬಡಗಣಕ್ಕೆ ಮುಖಮಾಡಿದ ಗ್ರಾಂಡ್ ಮೊಂಟೆ ಚಳಿ ಹಿಡಿದಿಟ್ಟುಕೊಳ್ಳುತ್ತದೆ; ಅಲ್ಲಿನ ಲೋಞಾನ್ ಲಿಫ್ಟು ನಿಲ್ದಾಣ 2018ರ ಸೆಪ್ಟೆಂಬರ್‌ನಲ್ಲಿ ಬೆಂಕಿಗೆ ತುತ್ತಾಯಿತು. ಹಳೆಯ ಬರಹಗಳನ್ನು ನಂಬಿ ಹೊರಡದೆ, ಯಾವ ಲಿಫ್ಟು ಓಡುತ್ತಿದೆ ಎಂದು ಅಂದೇ ನೋಡಿಕೊಳ್ಳಿ. ಹಿಂದಕ್ಕೆ ಬಿದ್ದಾಗ, ಇನ್ನೂ ಜಾರುತ್ತಿರುವಾಗಲೇ ಏಳಲು ಹೋಗಬಾರದು. ಮೊಣಕಾಲಿನ ಅಸ್ಥಿರಜ್ಜು ಹರಿಯುವುದಕ್ಕೆ ಅದೂ ಒಂದು ಮುಖ್ಯ ಕಾರಣ. ಪಿಸ್ಟ್ ಮೇಲಿನ ರಕ್ಷಣೆಗೆ ಇಲ್ಲಿ ಬಿಲ್ಲು ಬರುತ್ತದೆ, ವಿಮೆ ಬೇಕೇ ಬೇಕು.

ಎಡ್ಜ್ ಹರಿತಮಾಡುವ ಕೆಲಸ ಕೋಣೆಯಲ್ಲೇ ಆಗುತ್ತದೆ. ಬದಿಗೆ 88 ಡಿಗ್ರಿ, ತಳಕ್ಕೆ 1 ಡಿಗ್ರಿ ಕೋನ ಬಹುಪಾಲು ಜನರಿಗೆ ಸಾಕು. ಕಲ್ಲಿಗೆ ತಾಗಿದ ಜಾಗದಲ್ಲಿ ಉಕ್ಕು ಇನ್ನಷ್ಟು ಗಡಸಾಗಿರುತ್ತದೆ. ಅರ ಹಾಕಿದರೆ ಜಾರುತ್ತದೆ, ಹಲ್ಲೂ ಮೊಂಡಾಗುತ್ತದೆ. ಮೊದಲು ವಜ್ರದ ಪುಡಿಯ ಕಲ್ಲಿನಿಂದ ಆ ಗಂಟನ್ನು ತೇಯ್ದು, ಆಮೇಲೆ ಅರ. ಸ್ಕೀಯ ತಳಕ್ಕೆ ವ್ಯಾಕ್ಸ್ (ಮೇಣ) ಹಚ್ಚುವಾಗ ಇಸ್ತ್ರಿಯಿಂದ ಹೊಗೆ ಬಂದರೆ ಕಾವು ಹೆಚ್ಚಾಗಿದೆ. ಆರಿದ ಮೇಲೆ ಪೂರ್ತಿ ಕೆರೆದು ಬ್ರಷ್ ಹಾಕಬೇಕು. ಮೇಲೆ ಉಳಿದ ವ್ಯಾಕ್ಸ್ ಓಟವನ್ನು ತಡೆಯುತ್ತದೆ.

ಪಿಸ್ಟ್ ಬಿಟ್ಟು ಹೋಗುವವರಿಗೆ ಹಿಮಕುಸಿತದ ದಿನದ ಪ್ರಕಟಣೆ ಓದದೆ ಹೊರಡುವಂತಿಲ್ಲ. ಅಪಾಯದ ಅಳತೆ 1ರಿಂದ 5. ನಡುವಿನ 3 ಎಂದರೆ ಸಾಧಾರಣ ಅಲ್ಲ, ಗಂಭೀರವೇ. 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳೇ ಹೆಚ್ಚಾಗಿ ಕುಸಿಯುವುದು. 457 ಕಿಲೋಹರ್ಟ್ಜ್ ಟ್ರಾನ್ಸೀವರ್ (ಹೂತವರನ್ನು ಸಂಕೇತದಿಂದ ಹುಡುಕುವ ಸಾಧನ), ಶೋಧನ ಕೋಲು, ಲೋಹದ ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಕಾಲು ಗಂಟೆ ಕಳೆದರೆ ಹೂತವರು ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ.

ಋತುವಿನ ಕೊನೆಗೆ ಎಲ್ಲರ ಕಣ್ಣು ವಾಲೆ ಬ್ಲಾಂಶ್ ಮೇಲೆ: 3,842 ಮೀಟರಿನ ಎಗ್ವಿ ದ್ಯು ಮಿದಿ ಶಿಖರದಿಂದ ಹಿಮನದಿಯ ಮೇಲೆ ಸುಮಾರು 20 ಕಿಲೋಮೀಟರ್ ಸ್ಕೀ ಇಳಿತ. ಇಳಿಜಾರು ಕಡಿದಲ್ಲ, ಕಷ್ಟವಿರುವುದು ಆರಂಭದ ಕಿರಿದಾದ ಬೆಟ್ಟದಂಚಿನಲ್ಲಿ ಮತ್ತು ಹಿಮ ಮುಚ್ಚಿದ ಬಿರುಕುಗಳಲ್ಲಿ. ಗೈಡ್ ಜೊತೆಗೇ ಹೋಗಿ, ಸೊಂಟಕ್ಕೆ ಹಾರ್ನೆಸ್ (ಹಗ್ಗ ಕಟ್ಟುವ ಪಟ್ಟಿ) ಇರಲಿ. ಕೆಳಗೆ ಹಿಮ ಸಾಲದಿದ್ದರೆ ಮೋಂತಾವೇರ್ ನಿಲ್ದಾಣದಿಂದ ರೈಲು ಹಿಡಿಯಬೇಕಾಗುತ್ತದೆ, ಹೊರಡುವ ಮುನ್ನವೇ ಕೊನೆಯ ರೈಲಿನ ಹೊತ್ತು ನೋಡಿಕೊಂಡಿರಿ.