ಮೊತ್ತದ ಫೀಲ್ಡಿನಲ್ಲಿ 4040404040

ತಿಂಗಳ ಕೊನೆಯ ಬ್ಯಾಚ್ ಜಾಬ್ ಅರ್ಧಕ್ಕೇ ನಿಂತಿತ್ತು. ಜಾಬ್ ಲಾಗ್ ತೆರೆದರೆ ಎಂಸಿಎಚ್1202, ಡೆಸಿಮಲ್ ಡೇಟಾ ಎರರ್. ಐಬಿಎಂನ ವ್ಯವಹಾರದ ಕಂಪ್ಯೂಟರ್ ಎಎಸ್/400ರಲ್ಲಿ, ಈಗಿನ ಹೆಸರಲ್ಲಿ ಐಬಿಎಂ ಐನಲ್ಲಿ, ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು: ಅಂಕಿ ಇರಬೇಕಾದ ಕಡೆ ಬೇರೇನೋ ಕೂತಿದೆ. ಎಲ್ಲೆಲ್ಲಿ ಕೂತಿದೆ, ಏನು ಕೂತಿದೆ ಎಂಬುದನ್ನು ನಾವೇ ಹುಡುಕಬೇಕು.

ಫೈಲಿನ ರೆಕಾರ್ಡುಗಳನ್ನು ತೋರಿಸುವ ಡಿಎಸ್‌ಪಿಪಿಎಫ್‌ಎಂ ಕಮಾಂಡ್ ಕೊಟ್ಟು ಎಫ್10 ಒತ್ತಿದರೆ ಹೆಕ್ಸ್, ಅಂದರೆ ಪ್ರತಿ ಬೈಟ್‌ಗೆ ಎರಡು ಚಿಹ್ನೆಯ ಬರಹ, ಕಾಣುತ್ತದೆ. ಹತ್ತಿಪ್ಪತ್ತು ರೆಕಾರ್ಡಿಗೆ ಅಷ್ಟು ಸಾಕು, ಲಕ್ಷಗಟ್ಟಲೆ ರೆಕಾರ್ಡುಗಳಿಗೆ ಅದು ಆಗುವ ಮಾತಲ್ಲ. ಹಾಗಾಗಿ ಈ ಯಂತ್ರದ ಪ್ರೋಗ್ರಾಮಿಂಗ್ ಭಾಷೆ ಆರ್‌ಪಿಜಿಯಿಂದಲೇ ಒಂದು ಎಂಐ ಇನ್‌ಸ್ಟ್ರಕ್ಷನ್ ಕರೆಯಲು ಕೂತೆ.

ಎಂಐ, ಅಂದರೆ ಮೆಷಿನ್ ಇಂಟರ್‌ಫೇಸ್, ಯಂತ್ರಕ್ಕೆ ತೀರಾ ಹತ್ತಿರದ್ದು. ಆದರೂ ಅದು ಪ್ರೊಸೆಸರ್‌ನ ಸ್ವಂತ ಭಾಷೆಯಲ್ಲ, ನಡುವೆ ಅನುವಾದದ ಪದರವೊಂದಿದೆ. 1978ರ ಸಿಸ್ಟಮ್/38ರಿಂದ ಬಂದ ಏರ್ಪಾಡು ಇದು. 1995ರಲ್ಲಿ ಎಎಸ್/400 48 ಬಿಟ್‌ನಿಂದ 64 ಬಿಟ್ ಪವರ್‌ಪಿಸಿಗೆ ಹೋದಾಗ, ಸೋರ್ಸ್ ಕಳೆದುಹೋದ ಪ್ರೋಗ್ರಾಮುಗಳೂ ಹೊಸ ಯಂತ್ರದಲ್ಲಿ ಓಡಿದವು. ಮರು ಅನುವಾದಕ್ಕೆ ಬೇಕಾದ ಮಾಹಿತಿ ಅವುಗಳೊಳಗೆ ಉಳಿದಿದ್ದರೆ ಸಾಕಿತ್ತು. ಎಂಐ ಕರೆಯುವುದನ್ನು ಕಳ್ಳದಾರಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕರೆಯಬಾರದ್ದನ್ನು ಸಿಸ್ಟಮ್ಮೇ ತಡೆಯುತ್ತದೆ: ಸೆಕ್ಯುರಿಟಿ ಲೆವೆಲ್ 40ರಲ್ಲಿ ಸಿಸ್ಟಮ್‌ನ ಒಳ ಆಬ್ಜೆಕ್ಟನ್ನು ನೇರ ಮುಟ್ಟಲು ಹೋದರೆ ಎಂಸಿಎಚ್6801 ಬರುತ್ತದೆ.

ನನಗೆ ಬೇಕಿದ್ದದ್ದು ಸಿವಿಟಿಎಚ್‌ಸಿ. ಬೈಟ್‌ಗಳನ್ನು ಕೊಟ್ಟರೆ ಓದಬಲ್ಲ ಹೆಕ್ಸ್ ಅಕ್ಷರಗಳನ್ನು ಕೊಡುತ್ತದೆ. ಇದನ್ನು ಹೇಗೆ ಕರೆಯುವುದೆಂದು ಆರ್‌ಪಿಜಿಗೆ ತಿಳಿಸುವ ಪ್ರೋಟೋಟೈಪ್‌ನಲ್ಲಿ ಎಕ್ಸ್‌ಟ್‌ಪ್ರೊಕ್ ಹಾಕಿ ಹೆಸರನ್ನು ಸಣ್ಣಕ್ಷರದಲ್ಲೇ ಬರೆಯಬೇಕು, ಅದು ಎಲ್ಲಿ ಸಿಗುತ್ತದೆಂದು ತೋರಿಸುವ ಕ್ಯೂಸಿ2ಎಲ್‌ಇ ಬೈಂಡಿಂಗ್ ಡೈರೆಕ್ಟರಿ ಸೇರಿಸಬೇಕು. ಮೂರು ಪ್ಯಾರಾಮೀಟರ್: ಫಲಿತಾಂಶದ ಜಾಗ, ಮೂಲದ ಜಾಗ, ವ್ಯಾಲ್ಯೂ ಆಗಿ ಹೋಗುವ ಉದ್ದ. ಈ ಉದ್ದ ಅರ್ಧ ಬೈಟ್‌ಗಳ ಲೆಕ್ಕ. ಐದು ಬೈಟ್ ನೋಡಬೇಕಾದರೆ 10 ಕೊಡಬೇಕು, ಫಲಿತಾಂಶಕ್ಕೂ ಹತ್ತು ಅಕ್ಷರದ ಜಾಗ ಇರಬೇಕು. ರೆಕಾರ್ಡನ್ನು ಡೇಟಾ ಸ್ಟ್ರಕ್ಚರ್‌ಗೆ ಓದಿಸಿಕೊಂಡೆ. ಹಾಗೆ ಓದಿದರೆ ಆರ್‌ಪಿಜಿ ಅಂಕಿಯನ್ನು ಪರೀಕ್ಷಿಸಲು ಹೋಗುವುದಿಲ್ಲ, ಬೈಟ್‌ಗಳು ಇದ್ದ ಹಾಗೇ ಕೈಗೆ ಬರುತ್ತವೆ.

ಮೊತ್ತದ ಫೀಲ್ಡ್ ಒಂಬತ್ತು ಅಂಕಿಯ ಪ್ಯಾಕ್ಡ್, ಅಂದರೆ ಅರ್ಧ ಬೈಟ್‌ಗೊಂದು ಅಂಕಿ, ಕೊನೆಯ ಅರ್ಧದಲ್ಲಿ ಚಿಹ್ನೆ. ಅದರಲ್ಲಿ ಎರಡು ದಶಮಾಂಶ. ಸರಿಯಿದ್ದ ಸಾಲಿನಲ್ಲಿ 000012550ಎಫ್ ಎಂದು ಬಂತು: 125.50, ಕೊನೆಯ ಎಫ್ ಧನ ಚಿಹ್ನೆ. ಸಾಲುಗಳು ಹೀಗೇ ಸಾಗುತ್ತಾ ಸಾಗುತ್ತಾ ಒಂದು ಕಡೆ 4040404040. ನೋಡಿದ್ದೇ ಎದೆ ಹಗುರಾಯಿತು. ಈ ಯಂತ್ರದ ಅಕ್ಷರ ಸಂಕೇತವಾದ ಇಬಿಸಿಡಿಐಸಿಯಲ್ಲಿ 40 ಎಂದರೆ ಖಾಲಿ ಜಾಗ. ಚಿಹ್ನೆ ಇರಬೇಕಾದ ಕೊನೆಯ ಅರ್ಧ ಬೈಟ್‌ನಲ್ಲಿ 0 ಇದೆ, ಯಂತ್ರ ಅದನ್ನು ಒಪ್ಪುವುದಿಲ್ಲ. ಮೊತ್ತ ಕೆಟ್ಟಿರಲಿಲ್ಲ, ಅಲ್ಲಿ ಯಾರೂ ಏನನ್ನೂ ಬರೆದೇ ಇರಲಿಲ್ಲ.

ಆಮೇಲೆ ಕಾರಣ ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ರೆಕಾರ್ಡುಗಳನ್ನು ಬರೆಯುತ್ತಿದ್ದ ಪ್ರೋಗ್ರಾಮಿನ ಡೇಟಾ ಸ್ಟ್ರಕ್ಚರ್‌ಗೆ ಆರಂಭದ ಮೌಲ್ಯ ಹಾಕಿಸುವ ಐಎನ್‌ಝಡ್ ಇರಲಿಲ್ಲ. ಅದಿಲ್ಲದಿದ್ದರೆ ಆರ್‌ಪಿಜಿ ಇಡೀ ಸ್ಟ್ರಕ್ಚರನ್ನು ಖಾಲಿ ಜಾಗಗಳಿಂದಲೇ ತುಂಬಿಡುತ್ತದೆ. ಫೈಲು ಡಿಡಿಎಸ್‌ನಲ್ಲಿ, ಅಂದರೆ ಫೈಲಿನ ರಚನೆ ವಿವರಿಸುವ ಹಳೆಯ ಪದ್ಧತಿಯಲ್ಲಿ, ಮಾಡಿದ್ದು. ಅಂಥ ಫೈಲು ಬರೆಯುವಾಗ ಡೇಟಾ ಪರೀಕ್ಷಿಸುವುದಿಲ್ಲ, ತಕರಾರು ಓದುವಾಗ ಬರುತ್ತದೆ. ಎಸ್‌ಕ್ಯೂಎಲ್ ಟೇಬಲ್ ಆಗಿದ್ದರೆ ಬರೆಯುವ ಹೊತ್ತಿಗೇ ತಡೆಯುತ್ತಿತ್ತು.

ಮೂಲ ದಾಖಲೆಗಳನ್ನು ತಾಳೆ ನೋಡಿದೆವು. ಆ ಸಾಲುಗಳಲ್ಲಿ ಮೊತ್ತ ನಿಜಕ್ಕೂ ಸೊನ್ನೆಯೇ. ಹೆಕ್ಸ್ ನೋಡಲು ನಾನು ಬರೆದ ಪ್ರೋಗ್ರಾಮಿನಲ್ಲೇ 40ಗಳು ಕಂಡಲ್ಲೆಲ್ಲ ಫೀಲ್ಡಿಗೆ ಸೊನ್ನೆ ಹಾಕಿ ಅಪ್‌ಡೇಟ್ ಮಾಡಿಸಿದೆ, ಬರೆಯುವ ಪ್ರೋಗ್ರಾಮಿಗೆ ಐಎನ್‌ಝಡ್ ಸೇರಿಸಿ ಕಂಪೈಲ್ ಮಾಡಿದೆ. ಬ್ಯಾಚ್ ಜಾಬ್ ಮತ್ತೆ ಬಿಟ್ಟಾಗ ಕೊನೆತನಕ ಓಡಿತು.