ನಿಧಾನ ಹೋದ್ರ ಕಂಟ್ರೋಲರ್ ಉಳಿತೈತಿ ಅಂದವ್ರು ಯಾರು?

ನಮ್ಮದು ಬಾಗಲಕೋಟ್ಯಾಗ ಮೋಟಾರ್ ರಿವೈಂಡಿಂಗ್ ಅಂಗಡಿ, ಅಪ್ಪ ಹಾಕಿದ್ದು. ಕಬ್ಬಿನ ಹೊಲದ ಸಬ್‌ಮರ್ಸಿಬಲ್, ಗಿರಣಿ ಮೋಟಾರು, ಬ್ಯಾಸಿಗ್ಯಾಗ ಕೂಲರ್ ಫ್ಯಾನು, ಇವನ್ನ ನೋಡಕೋತ ಬೆಳದಾಂವ ನಾನು. ಸುಟ್ಟ ವಾರ್ನಿಷ್ ವಾಸನಿ ಬಂದ್ರ ಸಾಕು, ಮೋಟಾರ್ ಬಿಚ್ಚೂಕಿಂತ ಮೊದಲ ಅಪ್ಪ "ಒಂದು ಫೇಸ್ ಹೋಗೇತಿ" ಅಂತಿದ್ರು, ಹಂಗ ಆಗಿರ್ತಿತ್ತು. ಉಳಿದ ಎರಡು ಫೇಸಿನ ಮ್ಯಾಲೆ ಮೋಟಾರ್ ತಿರಗಲಾರದ ಗುಂಯ್ ಅಂತಿರ್ತೈತಿ, ರೈತ ಸ್ಟಾರ್ಟರ್ ಒತ್ತಕೋತ ನಿಂತಿರ್ತಾನ, ಅಷ್ಟರಾಗ ತಾಮ್ರ ಕರಿ ಆಗಿರ್ತೈತಿ.

ಈಗ ಒಂದೆರಡ ವರ್ಷದಿಂದ ಅದ ಅಂಗಡಿಗೆ ಎಲೆಕ್ಟ್ರಿಕ್ ಸ್ಕೂಟರ್ ಬರಾಕ ಹತ್ಯಾವ. ಎಲ್ಲಾರದೂ ಒಂದ ಮಾತು, "ಮೋಟಾರ್ ಸುಟ್ಟೈತಿ, ಸುತ್ತಿ ಕೊಡ್ರಿ". ಬಿಚ್ಚಿ ನೋಡಿದ್ರ ಮೋಟಾರ್ ಆರಾಮ ಇರ್ತೈತಿ, ಸತ್ತಿದ್ದು ಸೀಟಿನ ಕೆಳಗಿನ ಕಂಟ್ರೋಲರ್, ಅಂದ್ರ ಬ್ಯಾಟರಿ ಕರೆಂಟ್ ಅಳದು ಮೋಟಾರಿಗೆ ಕೊಡೂ ಪೆಟಗಿ.

ಮೇ ತಿಂಗಳದಾಗ ಹಾಲು ಹಾಕೂ ಒಬ್ಬಾಂವ ಗಾಡಿ ನೂಕ್ಕೋತ ಬಂದ. ದಿನಾ ಹಳ್ಳಿಂದ ಹಾಲು ತಂದು ವಿದ್ಯಾಗಿರಿ ಕಡೆ ಏರಸ್ತಾನ, 20 ಲೀಟರಿಂದು ಮೂರು ಕ್ಯಾನು, ಮ್ಯಾಲೆ ತಾನು. ಕಂಪನಿ ಸರ್ವಿಸಿನವರು ಕಂಟ್ರೋಲರ್ ಪೂರಾ ಹೊಸಾದು ಹಾಕಬೇಕು ಅಂದು ಹೇಳಿದ ರೇಟಿಗೆ ಅಂವ ಗಾಬರಿ ಆಗಿದ್ದ. ನೂಕಾಕೂ ಬರವಲ್ದು, ಗಾಲಿ ತಡದ ತಡದ ತಿರಗತೈತಿ ಅಂತ ಅವನ ತಕರಾರು.

ಆ ತಡದ ತಡದ ತಿರಗೂದು ಐತೆಲ್ಲಾ, ಅದ ಅರ್ಧ ಉತ್ತರ. ಗಾಡಿ ಸ್ಟ್ಯಾಂಡ್ ಹಾಕಿ ಬ್ಯಾಟರಿ ತಗದು, ಗಾಲಿ ಒಳಗ ಕೂತಿರೂ ಹಬ್ ಮೋಟಾರಿಂದ ಕಂಟ್ರೋಲರಿಗೆ ಹೋಗೂ ಮೂರು ದಪ್ಪ ವೈರ್, ಫೇಸಿಗೊಂದು, ಬಿಚ್ಚಿದೆ. ಗಾಲಿ ಸಳ್ಳಂತ ತಿರಗಿತು. ಮತ್ತ ಜೋಡಿಸಿದೆ, ಮತ್ತ ಬಿಗಿ. ಅಂದ್ರ ಮೋಟಾರ್ ಚೊಲೊ ಐತಿ, ಕಂಟ್ರೋಲರ್ ಒಳಗ ಶಾರ್ಟ್ ಆಗೇತಿ, ಗಾಲಿ ತಿರಗಿದಾಗ ಹುಟ್ಟೂ ಕರೆಂಟ್ ಅದರಾಗ ಸುತ್ತಿ ತಾನ ಬ್ರೇಕ್ ಹಾಕಾಕ ಹತ್ತೈತಿ. ವೈರ್ ಬಿಚ್ಚಿದ ಮ್ಯಾಲೂ ಬಿಗಿ ಇದ್ದಿದ್ರ ತಪ್ಪು ಮೋಟಾರಿನ ಒಳಗ. ಇದಕ್ಕ ಮಲ್ಟಿಮೀಟರೂ ಬ್ಯಾಡ.

ಕಂಟ್ರೋಲರ್ ಒಳಗ ಏನಿರ್ತೈತಿ ಅಂದ್ರ, ಒಂದೊಂದು ಫೇಸಿಗೆ ಮ್ಯಾಲೊಂದು ಕೆಳಗೊಂದು, ಒಟ್ಟು ಆರು ಸ್ವಿಚ್ಚು, ಮಾಸ್‌ಫೆಟ್ ಅಂತಾರ. ದೊಡ್ಡ ಕಂಟ್ರೋಲರಿನ್ಯಾಗ ಒಂದರ ಜಾಗಾದಾಗ ಎರಡು ಮೂರು ಕೂಡಿಸಿರ್ತಾರ. ಮೋಟಾರಿನ್ಯಾಗ ಮೂರು ಹಾಲ್ ಸೆನ್ಸರ್ ಇರ್ತಾವ, ಮ್ಯಾಗ್ನೆಟ್ ಎಲ್ಲಿ ಬಂತು ಅಂತ ಅವು ಹೇಳ್ತಾವ, ಅದರ ಪ್ರಕಾರ ಆರರಾಗ ಎರಡು ಸ್ವಿಚ್ ಹಚ್ಚೂದು, ಮತ್ತ ಬ್ಯಾರೆ ಎರಡು ಹಚ್ಚೂದು, ಹಿಂಗ ಆರು ಹೆಜ್ಜಿ. ಈ ಗಾಡಿ ಮೋಟಾರಿನ್ಯಾಗ 46 ಮ್ಯಾಗ್ನೆಟ್ ಇದ್ದೂವು, ಅಂದ್ರ 23 ಜೋಡಿ, ಗಾಲಿ ಒಂದು ಸುತ್ತಿಗೆ 138 ಹೆಜ್ಜಿ. 40 ಕಿ.ಮೀ. ಸ್ಪೀಡಿನ್ಯಾಗ ಸೆಕೆಂಡಿಗೆ ಸಾವಿರದ ಮ್ಯಾಲೆ ಆತು, ಅದೂ ಅಲ್ಲದ ಪ್ರತಿ ಹೆಜ್ಜಿ ಒಳಗೂ ಥ್ರಾಟಲ್ ಎಷ್ಟೈತಿ ನೋಡಿ ಸೆಕೆಂಡಿಗೆ ಹದಿನಾರು, ಇಪ್ಪತ್ತು ಸಾವಿರ ಸಲ ಆನ್ ಆಫ್ ಮಾಡ್ತೈತಿ. ಒಂದ ಫೇಸಿನ ಮ್ಯಾಲಿಂದೂ ಕೆಳಗಿಂದೂ ಕೂಡೇ ಆನ್ ಆದ್ರ ಬ್ಯಾಟರಿ ನೇರ ಶಾರ್ಟ್, ಅದಕ್ಕ ಒಂದು ಆಫ್ ಆಗಿ ಇನ್ನೊಂದು ಆನ್ ಆಗೂ ನಡುವ ಚೂರು ಟೈಮ್ ಬಿಟ್ಟಿರ್ತಾರ, ಮೈಕ್ರೋಸೆಕೆಂಡ್ ಲೆಕ್ಕದಾಗ.

(ಚೊಲೊ ಗಾಡ್ಯಾಗ ಈ ಆರು ಹೆಜ್ಜಿ ಬಿಟ್ಟು ನುಣುಪ ಏರಿ ಇಳಿಯೂ ಕರೆಂಟ್, ಸೈನ್ ವೇವ್ ಅಂತಾರ, ಅದನ್ನ ಕೊಡ್ತಾರ, ಏರೂ ಮುಂದ ಗರಗರ ಸಪ್ಪಳ ಬರೂದಿಲ್ಲ. ಅದರ ಬುಡಕ್ಕಿರೂ ಗಣಿತ 1929ರಾಗ ಪಾರ್ಕ್ ಅನ್ನೋ ಇಂಜಿನಿಯರ್ ಬರದದ್ದು, ಅದೂ ಪವರ್ ಹೌಸಿನ ಜನರೇಟರಿನಂಥಾ ದೊಡ್ಡ ಸಿಂಕ್ರೋನಸ್ ಮಷೀನಿನ ಲೆಕ್ಕಕ್ಕ. ಡಿಪ್ಲೊಮಾದಾಗ ಇದನ್ನ ಬಾಯಿಪಾಠ ಮಾಡಿ ಬರದಿದ್ದೆ, ಏನೂ ತಿಳದಿರಲಿಲ್ಲ.)

ಕಂಟ್ರೋಲರ್ ಪೆಟಗಿ ಬಿಚ್ಚಿದೆ. ಒಂದು ಫೇಸಿನ ಮಾಸ್‌ಫೆಟ್ ಮೂರೂ ಕಾಲಿಗೆ ಮೀಟರ್ ಪೀಂ ಅಂತು, ಅಂದ್ರ ಒಳಗ ಶಾರ್ಟ್. ಅದನ್ನ ಅಲ್ಯೂಮಿನಿಯಂ ಪಟ್ಟಿಗೆ ಒತ್ತಿ ಹಿಡಿಯೂ ಸ್ಕ್ರೂ ಬೆರಳಲೇ ತಿರಗೂವಷ್ಟು ಸಡಲ ಇತ್ತು, ನಡುವಿನ ಪ್ಯಾಡು ಸೀದ ರೊಟ್ಟಿ ಬಣ್ಣಕ್ಕ ಬಂದಿತ್ತು. ಬಿಸಿ ಹೊರಗ ಹೋಗಾಕ ದಾರೀನ ಇಲ್ಲ.

"ನಾ ಜೋರ ಹೊಡಿಯೂದ ಇಲ್ಲಲ್ರಿ, ಏರಿನ್ಯಾಗ ಹತ್ತರ ಸ್ಪೀಡಿನ್ಯಾಗ ಹೋಗ್ತೇನಿ, ಮತ್ಯಾಕ ಸುಟ್ಟಿತು?" ಅಂತ ಅಂವ ಕೇಳಿದ. ನಾನೂ ಮೊದಲ ಹಂಗ ತಿಳಕೊಂಡಿದ್ದೆ, ಲೆಕ್ಕ ಹಾಕಿದ ಮ್ಯಾಲೆ ಗೊತ್ತಾತು ಪೂರಾ ಉಲ್ಟಾ ಅಂತ. 60 ವೋಲ್ಟ್ ಬ್ಯಾಟರಿ, ಕಂಟ್ರೋಲರ್ 20 ಆಂಪಿನ ಮ್ಯಾಲೆ ಎಳಿಯೂದಿಲ್ಲ, ಒಟ್ಟು 1200 ವ್ಯಾಟ್. ಗಾಲಿ ನಿಧಾನ ತಿರಗುವಾಗ ಮೋಟಾರಿಗೆ ಕಾಲು ಭಾಗ ಟೈಮ್ ಅಷ್ಟ ಬ್ಯಾಟರಿ ಹಚ್ಚತೈತಿ, ಅಂದ್ರ ಸರಾಸರಿ 15 ವೋಲ್ಟ್. ವ್ಯಾಟ್ ಅದ ಇರ್ಬೇಕಲಾ, ಹಂಗಾದ್ರ ಮೋಟಾರ್ ವೈರಿನ್ಯಾಗ ಹತ್ತತ್ರ 80 ಆಂಪ್! ನೂರರ ನೋಟು ಕೊಟ್ಟು ಚಿಲ್ಲರ ತಗೊಂಡಂಗ, ರೊಕ್ಕ ಅಷ್ಟ, ಕಿಸೆ ಜಗ್ಗತೈತಿ. ಎಲ್ಲಿಂದ ಬಂತು ಈ ಕರೆಂಟ್ ಅಂದ್ರ, ಸುರುಳ್ಯಾಗ ಒಮ್ಮೆ ಹರದದ್ದು ತಟ್ಟನ ನಿಲ್ಲೂದಿಲ್ಲ, ಮ್ಯಾಲಿನ ಸ್ವಿಚ್ ಬಂದ್ ಆದಾಗ ಕೆಳಗಿನದರಾಗ ಹಾದು ಸುತ್ತಕೋತ ಇರ್ತೈತಿ, ಬ್ಯಾಟರಿಗೆ ಅದರ ಸುದ್ದೀನ ಇಲ್ಲ.

ಬಿಸಿ ಏರೂದು ಕರೆಂಟಿನ ವರ್ಗಕ್ಕ, ಅಂದ್ರ ಕರೆಂಟ್ ನಾಕ ಪಟ್ಟಾದ್ರ ಬಿಸಿ ಹದಿನಾರ ಪಟ್ಟು. ಸ್ವಿಚ್ಚಿನ ರೆಸಿಸ್ಟನ್ಸ್ 4 ಮಿಲಿಓಮ್ ಹಿಡೀರಿ, 20 ಆಂಪಿಗೆ ಒಂದೂವರಿ ವ್ಯಾಟ್ ಚಿಲ್ಲರ, 80 ಆಂಪಿಗೆ 25ರ ಮ್ಯಾಲೆ. ಬಿಸಿ ಆದಂಗ ಮಾಸ್‌ಫೆಟ್ಟಿನ ರೆಸಿಸ್ಟನ್ಸೂ ಏರತೈತಿ, ಅದಕ್ಕ ಇನ್ನೂ ಬಿಸಿ. ಸಪಾಟ ರಸ್ತಾದಾಗ 40ರ ಸ್ಪೀಡಿನ್ಯಾಗ ಹೋಗಾಂವನ ಕಂಟ್ರೋಲರ್ ತಂಪ ಇರ್ತೈತಿ, ಕ್ಯಾನ್ ಹೇರಿ ಹತ್ತರ ಸ್ಪೀಡಿನ್ಯಾಗ ಏರಾಂವಂದು ಬೇಯ್ತೈತಿ. ಬ್ಯಾಟರಿ ಆಂಪ್ ಡಬ್ಬಿ ಮ್ಯಾಲೆ ದೊಡ್ಡದಾಗಿ ಬರೀತಾರ, ಮೋಟಾರ್ ವೈರಿನ್ಯಾಗ ಹರಿಯೂ ಫೇಸ್ ಆಂಪ್ ಬರಿಯೂದಿಲ್ಲ, ನನಗ ಸಿಟ್ಟು ಬರೂದು ಇದಕ್ಕ.

ಸತ್ತ ಫೇಸಿಂದು ಎರಡೂ ಬದಿ ಮಾಸ್‌ಫೆಟ್ ಬದಲ ಮಾಡಿದೆ, ಅವನ್ನ ನಡಸೂ ಗೇಟ್ ಡ್ರೈವರೂ ಒಂದು ಹೋಗಿತ್ತು, ಅದನ್ನೂ ಹಾಕಿದೆ. ಅದನ್ನ ನೋಡದ ಬರೇ ಮಾಸ್‌ಫೆಟ್ ಹಾಕಿದ್ರ ಥ್ರಾಟಲ್ ತಿರುವಿದ ಕೂಡ್ಲೇ ಹೊಸಾವೂ ಠಪ್ ಅಂತಾವ, ಒಮ್ಮೆ ನನಗ ಆಗೇತಿ, ಅದರ ರೊಕ್ಕ ಯಾರೂ ಕೊಡಲಿಲ್ಲ. ಹೊಸ ಪ್ಯಾಡು, ಪೇಸ್ಟು, ಸ್ಕ್ರೂ ಬಿಗಿ. ಮೊದಲ ಸಲ ಬ್ಯಾಟರಿ ನೇರ ಹಚ್ಚಲಿಲ್ಲ, ನಡುವ 60 ವ್ಯಾಟಿನ ಹಳೇ ಬಲ್ಬ್ ಇಟ್ಟೆ, ಒಳಗ ಶಾರ್ಟ್ ಉಳದಿದ್ರ ಕರೆಂಟ್ ತಡಿಯಾಕ ಅದರ ತಂತಿ ಸಾಕು. ಸಬ್‌ಮರ್ಸಿಬಲ್ ಸುತ್ತೂದು ಬಿಟ್ಟು ನೋಡಾಕ ಬಂದ ಅಪ್ಪ, ಗಾಲಿ ಸಪ್ಪಳಿಲ್ಲದ ತಿರಗಿದ್ದಕ್ಕ, "ಇದರಾಗ ವಾಸನೀನೂ ಬರೂದಿಲ್ಲಲ್ಲೋ, ತಪ್ಪು ಹೆಂಗ ಹಿಡೀತಿ" ಅಂದ್ರು.

ಎರಡ ಕ್ಯಾನ್ ಒಯ್ರಿ ಅಂತ ಅವನಿಗೆ ಹೇಳಿದೆ. "ಎರಡ ಒಯ್ದ್ರ ಎರಡ ಸಲ ಏರಬೇಕಲ್ರಿ" ಅಂದ. ಹಂಗಾರ ಏರು ಮುಗದ ಮ್ಯಾಲೆ ಸೀಟ್ ಎತ್ತಿ ಕಂಟ್ರೋಲರ್ ಮುಟ್ಟಿ ನೋಡ್ರಿ, ಕೈ ಇಡಾಕ ಬರಲಿಲ್ಲಂದ್ರ ನನ್ನ ಮಾತು ಕೇಳ್ರಿ ಅಂದೆ. ಹೋದ ವಾರ ಬಂದಿದ್ದ. ಕೈ ಇಟ್ಟೆ ಅಂದ, ಆದ್ರ ಎಂಟು ಎಣಸೂದ್ರೊಳಗ ತಗದೆ ಅಂದ. ಗಾಡಿ ಮ್ಯಾಲೆ ಮೂರೂ ಕ್ಯಾನ್ ಇದ್ದೂವು.